ಸರಿಯಾದ ಪ್ರಶ್ನೆ

ಒಂಬತ್ತನೇ ಬೆಡ್ಡಿನ ಅಜ್ಜಿಗೆ ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣೆದ್ದಿತ್ತು. ಹೊಸ ನರ್ಸ್ ಮೇಟ್ರನ್‌ಗೆ ಬರೆದುಕೊಟ್ಟಳು: “ಅಜ್ಜಿಗೆ ಏರ್‌ಬೆಡ್ ಹಾಕಬಹುದೇ?”

“ಹೀಗೆ ಕೇಳೋದಲ್ಲಮ್ಮ. ಯಾವ ರೋಗಿ, ಯಾವ ಆರೈಕೆ, ಯಾವುದಕ್ಕಿಂತ ಮೇಲು, ಏನು ಫಲ. ಈ ನಾಲ್ಕೂ ಇದ್ರೆ ಅದು ಪ್ರಶ್ನೆ.”

ತಿದ್ದಿ ತಂದಳು. “ಹೋಲಿಕೆ ಎಲ್ಲಿ?” ಎಂದು ಹಾಳೆ ವಾಪಸು ಬಂತು. ಮತ್ತೆ ತಂದಳು. “ಫಲ ಹೇಗೆ ಅಳೀತೀಯ, ಬರೀ” ಎಂದು ಮತ್ತೆ ವಾಪಸು ಬಂತು. ಏರ್‌ಬೆಡ್ ಸ್ಟೋರಿನಲ್ಲಿ ಮಡಿಸಿಯೇ ಇತ್ತು. ಅಜ್ಜಿಯ ಹುಣ್ಣು ಮೂಳೆ ಮುಟ್ಟಿ, ಮೈಗೆಲ್ಲ ನಂಜೇರಿತು.

ಹದಿನೈದನೆಯ ದಿನ ಮೇಟ್ರನ್ ಹಾಳೆಯನ್ನು ಎರಡು ಸಲ ಓದಿ ಸಹಿ ಹಾಕಿದರು.

“ಪ್ರಶ್ನೆ ಅಂದ್ರೆ ಇದು. ನಾಳೆ ಮೀಟಿಂಗಲ್ಲಿ ಎಲ್ಲರಿಗೂ ಓದಿ ಹೇಳ್ತೀನಿ. ಹೋಗು, ಅಜ್ಜಿಗೆ ಏರ್‌ಬೆಡ್ ಹಾಕು.”

“ಒಂಬತ್ತನೇ ಬೆಡ್ಡಿಗೆ ಬೆಳಿಗ್ಗೆನೇ ಬೇರೆ ಪೇಷಂಟ್ ಬಂದ್ರು, ಮೇಡಂ.”