ಹಿಂದೆ ಬಿದ್ದವರ ಮಾತು

ರಸ್ತೆಯಲ್ಲಿ ಯಾರನ್ನು ದಾಟಿದರೂ ಅವರು ಬೈದದ್ದು ದಾಟಿದವರ ಗಾಡಿಯೊಳಗೆ ಕೇಳಿಸುತ್ತದೆ. ಅದನ್ನು ನಿಲ್ಲಿಸುವ ಗುಂಡಿ ಇಲ್ಲ. ಗಾಡಿಗಳೆಲ್ಲ ಬಾಡಿಗೆಯವು, ಒಂದೇ ಬೂದು ಬಣ್ಣ, ಒಳಗಿದ್ದವರು ಕಾಣದಂಥ ಕಪ್ಪು ಗಾಜು. ಬೈಸಿಕೊಂಡವರು ಯಾರೆಂದು ಗೊತ್ತಾಗುವುದಿಲ್ಲವಾದ್ದರಿಂದ ಜನ ಬಾಯಿತುಂಬ ಬೈಯುತ್ತಾರೆ.

ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಮರಳುವ ದಾಕ್ಷಾಯಣಿಗೆ ಅದನ್ನೆಲ್ಲ ಕೇಳಿ ಕೇಳಿ ಸಾಕಾಗಿತ್ತು. ಈಗೀಗ ಯಾವುದಾದರೂ ಲಾರಿಯ ಹಿಂದೆ ಸುಮ್ಮನೆ ಬಂದುಬಿಡುತ್ತಿದ್ದಳು. ಆದರೆ ಇವತ್ತು ಮಗಳಿಗೆ ಜ್ವರ ಏರಿದೆಯೆಂದು ಅತ್ತೆ ಫೋನ್ ಮಾಡಿದ್ದರು. ಗಂಡ ಚನ್ನವೀರ ಫೋನ್ ಎತ್ತಿರಲಿಲ್ಲ.

ನವನಗರದ ಹತ್ತಿರ ಮುಂದಿನ ಗಾಡಿ ತೆವಳುತ್ತಿತ್ತು. ಅವಳು ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ಎದುರಿನ ಬಸ್ಸು ಹೋಗುವವರೆಗೆ ಕಾದಳು. ಆಮೇಲೆ ಸಾಕಷ್ಟು ಜಾಗ ಬಿಟ್ಟು ದಾಟಿದಳು.

"ಏನಲೇ, ನಿಮ್ಮ ಮನ್ಯಾಗ ಯಾರರ ಸಾಯಾಕ ಹತ್ಯಾರೇನು?"

ಚನ್ನವೀರನ ಧ್ವನಿ. ಅವಳಿಗೆ ಸಿಟ್ಟು ಕೂಡ ಬರಲಿಲ್ಲ. ಇಂಡಿಕೇಟರ್ ಆರಿಸಿ ತನ್ನ ಸಾಲಿಗೆ ಸೇರಿಕೊಂಡಳು.

ಅವನು ಮನೆಗೆ ಬಂದಾಗ ಅವಳು ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು. ಬಾಗಿಲಲ್ಲೇ ಬೂಟು ಬಿಚ್ಚುತ್ತ ಅವನು ಹೇಳಿದ, "ದಾರ್ಯಾಗ ಯಾವನೋ ಒಬ್ಬ ನನ್ನ ದಾಟಿ ಹೋದ ನೋಡು. ಬಾಯಿಗೆ ಬಂದಂಗ ಬೈದೆ."

ಒಳಗೆ ಬಂದವನು ಮಂಚದ ಹತ್ತಿರ ನಿಂತ. "ಏನಾತು ಕೂಸಿಗೆ?"

ದಾಕ್ಷಾಯಣಿ ಬಟ್ಟೆ ಹಿಂಡಿ ಮತ್ತೆ ಹಣೆಯ ಮೇಲಿಟ್ಟಳು.

"ಜ್ವರ. ಯಾರೂ ಸಾಯಾಕ ಹತ್ತಿಲ್ಲ."