ಶೀನಪ್ಪನವರ ನಾನೂರ ಹನ್ನೆರಡು ಲೇಖನಗಳು

ಊರ ಸುದ್ದಿಯ ಜಾಲತಾಣವೊಂದು ಶನಿವಾರ ಮುಚ್ಚುತ್ತದೆ ಎಂಬ ಪ್ರಕಟಣೆಯನ್ನು ಪುತ್ತೂರು ಬಳಿಯ ಸವಣೂರಿನ ರಸೀನಾ ಓದಿದ್ದು ಗುರುವಾರ ಬೆಳಿಗ್ಗೆ. ಪಶು ಇಲಾಖೆಯಿಂದ ನಿವೃತ್ತರಾದ ಶೀನಪ್ಪನವರು ಅದರಲ್ಲಿ ಎಂಟು ವರ್ಷ, ವಾರಕ್ಕೊಂದರಂತೆ, ಆಡು ದನಗಳ ಆರೈಕೆಯ ಬಗ್ಗೆ ಬರೆದಿದ್ದರು. ರಸೀನಾಳ ಎರಡು ಆಡು ಇಪ್ಪತ್ತಾರಾದದ್ದು ಆ ಲೇಖನಗಳನ್ನು ಓದಿಕೊಂಡೇ. ಅವಳು ಕಡಬದಲ್ಲಿದ್ದ ಅವರಿಗೆ ಫೋನ್ ಮಾಡಿದಳು.

“ನಿಮ್ಮತ್ರ ಪ್ರತಿ ಉಂಟಾ ಡಾಕ್ಟ್ರೆ?”

“ಇಲ್ಲಮ್ಮ. ಮೊದಲು ಬರೆದ ಕಾಗದ ಗೆದ್ದಲು ತಿಂದಿತು. ಕಣ್ಣು ಹೋದ ಮೇಲೆ ಬಾಯಲ್ಲಿ ಹೇಳಿ ಬರೆಸಿದ್ದು. ಹೋದ್ರೆ ಹೋಯ್ತು, ಎಂತ ಮಾಡುದು?”

ಜಾಲತಾಣದ ಸಂಪಾದಕರನ್ನು ಕೇಳಿದರೆ, “ಬೇಕಾದಷ್ಟು ತಗೊಳ್ಳಿ, ಒಟ್ಟು ಮಾಡಿ ಕೊಡ್ಲಿಕ್ಕೆ ನನ್ನಲ್ಲಿ ಜನ ಇಲ್ಲ” ಎಂದರು. ರಸೀನಾ ತಾನೇ ಒಂದೊಂದಾಗಿ ತೆಗೆದಿಡಲು ಕೂತಳು. ಮಧ್ಯಾಹ್ನದ ಹೊತ್ತಿಗೆ ಆದದ್ದು ಹತ್ತೊಂಬತ್ತು.

ಪುತ್ತೂರಿನ ಕಂಪ್ಯೂಟರ್ ತರಗತಿಗೆ ಸೇರಿ ಅವಳಿಗೆ ಆರು ವಾರವಾಗಿತ್ತು. ಮೂವತ್ತೊಂಬತ್ತರ ಅವಳೇ ಅಲ್ಲಿ ಎಲ್ಲರಿಗಿಂತ ಹಿರಿಯಳು. ಅಂದು ಹೋದವಳೇ ಕಲಿಸುವ ಶೈಲೇಶನಿಗೆ ವಿಷಯ ತಿಳಿಸಿ ಕೇಳಿದಳು: “ಮೊನ್ನೆ ಕಂಪ್ಯೂಟರಿಂದ ಹೆಸರನ್ನು ಹತ್ತು ಸಲ ಬರೆಸಿದ್ದೆವಲ್ಲ, ಹಾಗೆ ಲೇಖನಗಳನ್ನೂ ಅದೇ ತೆಗೆದಿಡುವ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ?”

ಶೈಲೇಶ ಕುರ್ಚಿ ಎಳೆದುಕೊಂಡು ಕೂತ. “ಆಗ್ತದೆ ರಸೀನಕ್ಕ. ಹತ್ತು ನಿಮಿಷ ಕೊಡಿ, ಬರೆದು ಕೊಡ್ತೇನೆ.”

“ಬೇಡ, ದಾರಿ ಹೇಳಿ. ನಾಳೆ ಸಂಜೆವರೆಗೆ ನಂಗೆ ಬಿಡಿ. ಆಗದಿದ್ರೆ ನೀವು ಬರೀರಿ.”

ಶುಕ್ರವಾರ ಮಧ್ಯಾಹ್ನ ಇಪ್ಪತ್ತೆರಡು ಸಾಲಿನ ಪ್ರೋಗ್ರಾಮು ಓಡಿತು. ಜಾಲತಾಣಕ್ಕೆ ಭಾರವಾಗದಂತೆ ಪ್ರತಿ ಲೇಖನದ ನಂತರ ಮೂರು ಸೆಕೆಂಡು ನಿಂತು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿತು. ಫೋಲ್ಡರ್ ತೆರೆದರೆ ಒಂದೇ ಲೇಖನ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಶೈಲೇಶ ಕೀಲಿಮಣೆಯತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ರಸೀನಾ ಸಾಲುಗಳನ್ನು ಮೇಲಿನಿಂದ ಓದುತ್ತ ಹದಿನೆಂಟನೆಯದರಲ್ಲಿ ಬೆರಳಿಟ್ಟಳು. “ಎಲ್ಲದಕ್ಕೂ ಒಂದೇ ಹೆಸರು ಕೊಟ್ಟಿದ್ದೇನೆ. ಹೊಸತು ಬಂದು ಬಂದು ಹಳೆಯದನ್ನು ಅಳಿಸಿದೆ.”

ಪ್ರತಿ ಲೇಖನಕ್ಕೂ ಅದು ಪ್ರಕಟವಾದ ದಿನಾಂಕವನ್ನೇ ಹೆಸರಾಗಿಟ್ಟು ಮತ್ತೆ ಓಡಿಸಿದಳು. ತರಗತಿ ಬಿಡುವ ಮೊದಲು ನಾನೂರ ಹನ್ನೆರಡೂ ಬಂದು ಕೂತಿದ್ದವು.

“ಮುಂದಿನ ಬ್ಯಾಚಿಗೆ ಇದನ್ನೇ ಪಾಠ ಮಾಡ್ತೇನೆ, ಆ ತಪ್ಪು ಸಮೇತ” ಎಂದ ಶೈಲೇಶ.

ಭಾನುವಾರ ಜಾಲತಾಣವಿದ್ದಲ್ಲಿ ಬಿಳಿ ಪುಟವಿತ್ತು. ರಸೀನಾ ಕಡಬದಲ್ಲಿ ಶೀನಪ್ಪನವರ ಜಗಲಿಯಲ್ಲಿ ಕೂತು, ಆಡಿನ ಮರಿಗೆ ಹುಳದ ಮದ್ದು ಕೊಡುವ ಲೇಖನವನ್ನು ತನ್ನ ಫೋನಿನಲ್ಲಿ ತೆರೆದು ಅವರಿಗೆ ಓದಿ ಹೇಳುತ್ತಿದ್ದಳು. ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೈ ಎತ್ತಿದರು.

“ನಿಲ್ಲಿ. ವಯಸ್ಸು ನೋಡಿ ಮದ್ದು ಕೊಡಿ ಅಂತ ಬರೆದದ್ದು ತಪ್ಪು. ತೂಕ ನೋಡಿ ಕೊಡ್ಬೇಕು. ಮುಂದಿನ ವಾರ ತಿದ್ದಿದ್ದೆ. ಅದು ಸಿಕ್ಕಿದೆಯಾ?”

ರಸೀನಾ ಏಳು ದಿನ ಮುಂದಿನ ದಿನಾಂಕ ಹುಡುಕಿದಳು. ‘ಕಳೆದ ವಾರ ನಾನು ಮಾಡಿದ ತಪ್ಪು’ ಎಂಬ ತಲೆಬರಹ ತೆರೆದುಕೊಂಡಿತು.

“ಉಂಟು ಡಾಕ್ಟ್ರೆ.”

ಶೀನಪ್ಪನವರು ಕುರ್ಚಿಗೆ ಒರಗಿದರು. “ಹಾಗಾದ್ರೆ ಲೇಖನ ಬೇಕು ಅಂತ ಕೇಳಿದವರಿಗೆ ಮೊದಲು ಆ ತಿದ್ದಿದ್ದನ್ನು ಕೊಡಿ.”