ಸಿಡುಬಿಲ್ಲವೆಂಬ ಸಹಿ

ರಾಜಧಾನಿ ದೊಡೋಮಾದಿಂದ ಬಂದ ಸುತ್ತೋಲೆಯನ್ನು ಜಬೀಬು ಮೂರು ಸಲ ಓದಿದಳು. ಅದನ್ನು ಕಿಲಹುಂಬರ ಕೋಣೆಗೆ ಒಯ್ಯಲು ಮಾತ್ರ ಕಾಲೇ ಏಳಲಿಲ್ಲ. ಸರ್ಕಾರಿ ಬಂದರುಗಳು ಇನ್ನು ಮುಂದೆ ಸಲ್ಲಿಸಬೇಕಿಲ್ಲದ ಒಂಬತ್ತು ನಮೂನೆಗಳ ಪಟ್ಟಿ ಅದರಲ್ಲಿತ್ತು. ನಾಲ್ಕನೆಯದು, 'ದೋಣಿಯಲ್ಲಿ ಸಿಡುಬು ಇಲ್ಲವೆಂಬ ದೃಢೀಕರಣ'. ಆ ರೋಗ ಭೂಮಿಯ ಮೇಲಿಂದಲೇ ತೊಲಗಿ ಇಪ್ಪತ್ತು ವರ್ಷ ಕಳೆದಿತ್ತು. ಆದರೂ ಟಾಂಗಾನಿಕಾ ಸರೋವರದ ಆ ಪುಟ್ಟ ಬಂದರಿನಲ್ಲಿ, ಊರೆಲ್ಲ 'ಮ್ಜೇ' ಎಂದು ಗೌರವದಿಂದ ಕರೆಯುವ ಆರೋಗ್ಯ ನಿರೀಕ್ಷಕ ಕಿಲಹುಂಬರು ಸಹಿ ಹಾಕದೆ ಯಾವ ಪ್ರಯಾಣಿಕನೂ ದಡ ಮೆಟ್ಟುವಂತಿರಲಿಲ್ಲ.

ಬೇಡವಾದ ನಮೂನೆಗಳಿದ್ದರೆ ತಿಳಿಸಿ ಎಂದು ಮಂತ್ರಾಲಯ ಕೇಳಿದಾಗ ಇದನ್ನು ಬರೆದು ಕಳಿಸಿದವಳು ಗುಮಾಸ್ತೆ ಜಬೀಬುವೇ. ಕಿಲಹುಂಬರಿಗೆ ಹೇಳಿರಲಿಲ್ಲ. ಕಳೆದ ಆಗಸ್ಟ್‌ನಲ್ಲಿ ಅವರು ಪಕ್ಕದ ಹಳ್ಳಿಗೆ ಸಾವಿಗೆ ಹೋಗಿದ್ದ ದಿನ, ಬಸುರಿಯೊಬ್ಬಳು ಹೆರಿಗೆ ನೋವಿನಲ್ಲಿ ನಾಲ್ಕು ಗಂಟೆ ದೋಣಿಯಲ್ಲೇ ಕಾದಿದ್ದಳು. ಆಸ್ಪತ್ರೆ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು. ಸಹಿ ಇಲ್ಲದೆ ಪೊಲೀಸಿನವನು ಇಳಿಯಗೊಡಲಿಲ್ಲ. ಕೊನೆಗೆ ಜಬೀಬು ತಾನೇ ದೋಣಿ ಹತ್ತಿ, ಒಣಮೀನಿನ ಚೀಲಗಳ ನಡುವೆ ತಾನು ಹೊದ್ದಿದ್ದ ಬಟ್ಟೆ ಹಾಸಿದಳು. ತಾಯಿ ಉಳಿದಳು. ಕೂಸು ಅಳಲೇ ಇಲ್ಲ.

"ಏನಮ್ಮ ಜಬೀಬು, ದೊಡೋಮಾದಿಂದ ಏನೋ ಬಂದಿದೆಯಂತೆ?" ಕಿಲಹುಂಬರೇ ಬಾಗಿಲಲ್ಲಿ ನಿಂತಿದ್ದರು. "ಸಂಬಳ ಏರಿಸಿದ್ರಾ, ಇಲ್ಲ ಬರೀ ಕ್ಯಾಲೆಂಡರ್ ಕಳ್ಸಿದ್ರಾ?"

ಅವಳು ಹಾಳೆ ಚಾಚಿದಳು. ಅವರು ಅದನ್ನು ತೋಳುದ್ದ ದೂರ ಹಿಡಿದು ಓದಿದರು.

"ನಾಲ್ಕನೇದು," ಎಂದರು.

"ಹೂಂ, ಮ್ಜೇ. ಅದನ್ನ ಬರೆದು ಕಳ್ಸಿದ್ದು ನಾನೇ."

"ಗೊತ್ತು."

"ಯಾರು ಹೇಳಿದ್ರು?"

"ಆ ಕೂಸು ಹೋದ ದಿನದಿಂದ ನೀನು ನಂಗೆ ಒಂದು ಲೋಟ ಚಹಾ ತಂದುಕೊಟ್ಟಿಲ್ಲ. ಯಾರು ಹೇಳ್ಬೇಕು?"

ಅವರು ಕುರ್ಚಿ ಎಳೆದುಕೊಂಡು ಕೂತು, ಸಿಡುಬಿನ ಗುಳಿ ಬಿದ್ದ ಕೆನ್ನೆಯನ್ನು ಅಂಗೈಯಿಂದ ಸವರಿಕೊಂಡರು.

"ನಂಗಾಗ ಏಳು ವರ್ಷ. ಆಚೆ ದಡದಿಂದ ಬಂದ ದೋಣೀಲಿ ಜ್ವರದವನೊಬ್ಬ ಇಳಿದ. ಯಾರೂ ತಡೀಲಿಲ್ಲ, ಯಾರೂ ಕೇಳ್ಲಿಲ್ಲ. ತಿಂಗಳೊಳಗೆ ನಮ್ಮನೇಲಿ ಉಳಿದವನು ನಾನೊಬ್ಬನೇ. ಅದಕ್ಕೇ ಹಟ ಹಿಡಿದು ಈ ಕೆಲಸಕ್ಕೆ ಸೇರ್ದೆ. ಒಂದೊಂದು ಸಹಿ ಹಾಕಿದಾಗ್ಲೂ ಮನೆ ಬಾಗಿಲಿಗೆ ಅಗುಳಿ ಹಾಕಿದಷ್ಟು ನೆಮ್ಮದಿ." ಹಾಳೆಯನ್ನು ಮೇಜಿನ ಮೇಲಿಟ್ಟರು. "ಆ ಬಸುರಿ ಬಂದ ದಿನ ಬಾಗಿಲ ಹೊರಗೆ ಯಾರು ನಿಂತಿದ್ರು ಅಂತ ನಾನು ನೋಡ್ಲಿಲ್ಲ."

"ಆ ರೋಗ ಹೋಗಿ ಎಷ್ಟು ವರ್ಷ ಆಯ್ತು, ಮ್ಜೇ!"

"ಪೇಪರಲ್ಲಿ ನಾನೂ ಓದಿದ್ದೆ. ನಂಬೋ ಧೈರ್ಯ ಬರ್ಲಿಲ್ಲ."

ಹೊರಗೆ ದೋಣಿ ಕೂಗಿತು. ಇಬ್ಬರೂ ಎದ್ದು ಕಟ್ಟೆಗೆ ಹೋದರು. ಹಲಗೆ ಇಳಿಬಿಟ್ಟಿದ್ದರೂ ಜನ ರೂಢಿಯಂತೆ ಒಳಗೇ ಕೂತಿದ್ದರು. ಪೊಲೀಸಿನವನು ಕಿಲಹುಂಬರ ಮುಖ ನೋಡಿದ.

"ಇಳೀರಿ, ಇಳೀರಿ! ಯಾಕೆ ಹಾಗೆ ಕೂತಿದ್ದೀರಿ, ಇದೇನು ಮದುವೆ ಮನೆಯೇ?" ಎಂದು ಕೂಗಿ, ಅವರೇ ಹಲಗೆಯ ತುದಿಗೆ ನಿಂತು ಒಬ್ಬೊಬ್ಬರಿಗೂ ಕೈ ಕೊಡತೊಡಗಿದರು.

ಬುಟ್ಟಿ ಹೊತ್ತ ಹರೆಯದ ಮೀನು ವ್ಯಾಪಾರಿಯೊಬ್ಬಳು ಅವರ ಕೈ ಹಿಡಿದು ದಡಕ್ಕೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. "ಅಯ್ಯೋ, ಮುಖಕ್ಕೇನಾಯ್ತು ಮ್ಜೇ? ಬೆಂಕಿ ಬಿತ್ತಾ?"

ಕಿಲಹುಂಬರು ಆ ಹುಡುಗಿಯ ನುಣುಪು ಕೆನ್ನೆಯನ್ನು ಕಣ್ತುಂಬ ನೋಡಿದರು.

"ಹೂಂ ಮಗಳೇ, ಬೆಂಕಿನೇ," ಎಂದರು. "ಆರಿಹೋಯ್ತು."